ಮನೆಯಲ್ಲಿ ಮೈನ್‌ಕ್ರಾಫ್ಟ್ ಸರ್ವರ್: ಯಾವುದು ಮೊದಲು, ಯಾವುದು ಆಮೇಲೆ

"ಸರ್ವರ್ ಓಡ್ತಾ ಇದೆ, ನನಗೆ ಬರುತ್ತೆ, ಯಲಹಂಕದಲ್ಲಿರೋ ಗೆಳೆಯನಿಗೆ ಮಾತ್ರ ಬರ್ತಾ ಇಲ್ಲ." ಬೆಂಗಳೂರಿನಲ್ಲಿ ಮನೆಯಿಂದಲೇ ಮೈನ್‌ಕ್ರಾಫ್ಟ್ ಸರ್ವರ್ (ಗೆಳೆಯರು ಸೇರಿ ಆಡುವ ಲೋಕವನ್ನು ನಡೆಸುವ ಪ್ರೋಗ್ರಾಂ) ನಡೆಸಲು ಹೊರಟವರು ಬಂದು ನಿಲ್ಲುವುದು ಬಹುಪಾಲು ಇಲ್ಲೇ. ಅಷ್ಟರಲ್ಲಿ ರೂಟರ್‌ನಲ್ಲಿ ಪೋರ್ಟ್ (ಡೇಟಾ ಒಳಬರುವ, ಸಂಖ್ಯೆಯಿರುವ ಬಾಗಿಲು) ತೆರೆದಿರುತ್ತಾರೆ, ಹೊರಗಿನ ಕನೆಕ್ಷನ್ ತಡೆಯುವ ಫೈರ್‌ವಾಲ್ ಆಫ್ ಮಾಡಿಯೂ ನೋಡಿರುತ್ತಾರೆ, ಸರ್ವರ್ ಅಳಿಸಿ ಮತ್ತೆ ಹಾಕಿರುತ್ತಾರೆ. ತಪ್ಪು ಅಲ್ಲೆಲ್ಲೂ ಇರುವುದಿಲ್ಲ. ಮನೆಯ ಕನೆಕ್ಷನ್ನಿಗೆ ಹೊರಗಿನಿಂದ ಬರುವ ದಾರಿ ಇದೆಯೋ ಇಲ್ಲವೋ ಎಂದು ನೋಡದೆಯೇ ಸರ್ವರ್ ಹಾಕಲು ಕೂತದ್ದು ತಪ್ಪು.

ಆದ್ದರಿಂದ ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಒಂದು ಹಂತ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ. ಒಂದೇ ಸಲ ನಾಲ್ಕು ಕಡೆ ಸೆಟ್ಟಿಂಗ್ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ. ಇಲ್ಲಿರುವ ವಿವರ ಜಾವಾ ಎಡಿಷನ್ (ಕಂಪ್ಯೂಟರಿಗೆಂದೇ ಇರುವ ಮೈನ್‌ಕ್ರಾಫ್ಟ್) ಮತ್ತು ವಿಂಡೋಸ್ ಕಂಪ್ಯೂಟರಿಗೆ. ಲಿನಕ್ಸ್ ಬಳಸುವವರಿಗೂ ಕ್ರಮ ಇದೇ, ಆಜ್ಞೆಗಳಷ್ಟೇ ಬೇರೆ.

ಬೇಕಾಗುವ ಸಾಮಾನು

ದಿನವಿಡೀ ಆನ್ ಇಡಬಹುದಾದ ಒಂದು ಕಂಪ್ಯೂಟರ್. ರೂಟರ್‌ನಿಂದ ಅದಕ್ಕೆ ಎಳೆಯಲು ಕ್ಯಾಟ್ 5ಇ ಅಥವಾ ಕ್ಯಾಟ್ 6 ಲ್ಯಾನ್ ಕೇಬಲ್. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್. ಬ್ಯಾಕಪ್‌ಗೆ ಬೇರೆ ಡಿಸ್ಕ್ ಅಥವಾ ಪೆನ್‌ಡ್ರೈವ್. ಮೊಬೈಲ್ ಡೇಟಾ ಇರುವ ಒಂದು ಫೋನ್. ಹೊರಗಿನಿಂದ ಸರ್ವರ್ ಕಾಣುತ್ತದೆಯೇ ಎಂದು ಪರೀಕ್ಷಿಸಲು ಈ ಫೋನ್ ಬೇಕೇ ಬೇಕು. ಅಡ್ಮಿನ್ ಪಾಸ್‌ವರ್ಡ್ ಬಹಳ ಸಲ ರೂಟರ್‌ನ ತಳದ ಸ್ಟಿಕರ್ ಮೇಲೆ ಇರುತ್ತದೆ. ಕನೆಕ್ಷನ್ ಕೊಡಲು ಬಂದವರು ಬದಲಿಸಿ ಹೋಗಿದ್ದರೆ ಕಂಪನಿಗೆ ಫೋನ್ ಮಾಡಿ ಮೊದಲೇ ಕೇಳಿಟ್ಟುಕೊಳ್ಳಿ.

ಹಂತ 1: ಕನೆಕ್ಷನ್ನಿಗೆ ಸ್ವಂತ ಐಪಿ ಇದೆಯೇ?

ಐಪಿ ಎಂದರೆ ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ವಿಳಾಸ ಸಂಖ್ಯೆ. ಇದನ್ನು ನೋಡಲು ಹತ್ತು ನಿಮಿಷ ಸಾಕು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಆಜ್ಞೆ ಕೊಟ್ಟರೆ 'ಡಿಫಾಲ್ಟ್ ಗೇಟ್‌ವೇ' ಎಂಬ ಸಾಲಿನಲ್ಲಿ ರೂಟರ್‌ನ ವಿಳಾಸ ಕಾಣುತ್ತದೆ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ಜಿಯೋ ಪೆಟ್ಟಿಗೆಗಳಲ್ಲಿ 192.168.29.1. ಅದನ್ನು ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ, ಸ್ಟೇಟಸ್ ಪುಟದಲ್ಲಿ 'ವ್ಯಾನ್ ಐಪಿ' (ರೂಟರ್‌ಗೆ ಹೊರಗಿನ ಕಡೆ ಸಿಕ್ಕಿರುವ ವಿಳಾಸ) ಹುಡುಕಿ ಬರೆದುಕೊಳ್ಳಿ. ಆಮೇಲೆ ಅದೇ ಮನೆಯ ವೈಫೈನಲ್ಲಿ, ವಿಪಿಎನ್ ಆಫ್ ಮಾಡಿ, ನಿಮ್ಮ ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಎರಡೂ ಐಪಿವಿ4 (ಚುಕ್ಕಿ ಇಟ್ಟು ನಾಲ್ಕು ಭಾಗವಾಗಿ ಬರೆಯುವ ವಿಳಾಸ) ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಎರಡೂ ಒಂದೇ ಆಗಿದ್ದರೆ ನಿಮ್ಮದು ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ), ದಾರಿ ಇದೆ. ರೂಟರ್‌ನಲ್ಲಿ ಕಂಡದ್ದು 100.64 ರಿಂದ 100.127 ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ (ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚುವ ಏರ್ಪಾಟು) ಹಿಂದೆ ಇದ್ದೀರಿ. 10 ರಿಂದ ಶುರುವಾಗಿದ್ದರೂ ಬಹುತೇಕ ಅದೇ ಕಥೆ. 192.168 ರಿಂದ ಶುರುವಾಗಿದ್ದರೆ ಕಂಪನಿಯ ಪೆಟ್ಟಿಗೆಯ ಹಿಂದೆ ನಿಮ್ಮ ಇನ್ನೊಂದು ರೂಟರ್ ಕೂತಿದೆ ಎಂದರ್ಥ. ಆಗ ಕಂಪನಿಯ ಪೆಟ್ಟಿಗೆಗೇ ಲಾಗಿನ್ ಆಗಿ ಅಲ್ಲಿನ ವ್ಯಾನ್ ಐಪಿ ನೋಡಬೇಕು.

ಇಲ್ಲಿ ಒಂದು ಗೊಂದಲ ಆಗಾಗ ಆಗುತ್ತದೆ. ಕಂಪ್ಯೂಟರಿನಲ್ಲಿ ಟೇಲ್‌ಸ್ಕೇಲ್ (ಖಾಸಗಿ ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್) ಹಾಕಿದ್ದರೆ ಅದೂ 100.64 ರಿಂದ 100.127 ರೊಳಗಿನ ವಿಳಾಸವನ್ನೇ ಕೊಡುತ್ತದೆ. ಅದನ್ನು ನೋಡಿ ಸಿಜಿನ್ಯಾಟ್ ಎಂದುಕೊಳ್ಳಬೇಡಿ. ತೀರ್ಮಾನ ಮಾಡಬೇಕಾದದ್ದು ರೂಟರ್‌ನ ಪುಟದಲ್ಲಿರುವ ಸಂಖ್ಯೆಯಿಂದ ಮಾತ್ರ.

ಐಪಿವಿ4 ವಿಳಾಸಗಳು ಸಾಲದೆ ಬಂದ ಕಾರಣ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುತ್ತವೆ. ಅದೇ ಸಿಜಿನ್ಯಾಟ್. ಫ್ಲಾಟ್ ನಂಬರ್ ಇಲ್ಲದೆ ಅಪಾರ್ಟ್‌ಮೆಂಟ್ ಹೆಸರು ಮಾತ್ರ ಬರೆದ ಪಾರ್ಸೆಲ್ ಗೇಟಿನಲ್ಲೇ ಉಳಿಯುವ ಹಾಗೆ, ಗೆಳೆಯನ ಕಂಪ್ಯೂಟರಿನಿಂದ ಹೊರಟ ಡೇಟಾ ಕಂಪನಿಯ ಹತ್ತಿರವೇ ನಿಲ್ಲುತ್ತದೆ. ನಿಮ್ಮ ರೂಟರ್‌ಗೆ ಅದು ತಲುಪುವುದೇ ಇಲ್ಲವಾದ್ದರಿಂದ ಅಲ್ಲಿಂದ ಕಂಪ್ಯೂಟರಿಗೆ ಏನು ಫಾರ್ವರ್ಡ್ ಮಾಡಿದರೂ ಪ್ರಯೋಜನವಿಲ್ಲ.

ಸಿಜಿನ್ಯಾಟ್ ಎಂದು ಖಾತ್ರಿಯಾದರೆ ಮೂರು ದಾರಿ.

ಮೊದಲನೆಯದು, ಕಂಪನಿಯಿಂದ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ತೆಗೆದುಕೊಳ್ಳುವುದು. ಇದಕ್ಕೆ ಪ್ರತ್ಯೇಕ ದುಡ್ಡು ಕಟ್ಟಬೇಕು. ಕಸ್ಟಮರ್ ಕೇರ್‌ಗೆ "ಸ್ಟ್ಯಾಟಿಕ್ ಐಪಿ ಕೊಡ್ತೀರಾ?" ಎಂದಷ್ಟೇ ಕೇಳಿ ಬಿಡಬೇಡಿ. "ನನಗೆ ಸಿಜಿನ್ಯಾಟ್ ಇಲ್ಲದ ಪಬ್ಲಿಕ್ ಐಪಿವಿ4 ಬೇಕು, ಹೊರಗಿನಿಂದ ಒಳಬರುವ ಪೋರ್ಟ್‌ಗಳನ್ನು ನೀವು ಬ್ಲಾಕ್ ಮಾಡಿದ್ದೀರಾ?" ಎಂದು ಎರಡನ್ನೂ ಒಟ್ಟಿಗೆ ಕೇಳಿ. ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಂಡ ಮೇಲೆ ದುಡ್ಡು ಕಟ್ಟಿ.

ಎರಡನೆಯದು, ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್. ಇವು ನಿಮ್ಮ ಮತ್ತು ಗೆಳೆಯರ ಕಂಪ್ಯೂಟರುಗಳ ನಡುವೆ ಖಾಸಗಿ ನೆಟ್‌ವರ್ಕ್ ಕಟ್ಟಿಕೊಡುತ್ತವೆ. ಪೋರ್ಟ್ ತೆರೆಯುವ ಪ್ರಶ್ನೆಯೇ ಇಲ್ಲ, ಹೊರಗಿನ ಅಪರಿಚಿತರಿಗೆ ಸರ್ವರ್ ಕಾಣುವುದೂ ಇಲ್ಲ. ಆಡುವವರೆಲ್ಲರೂ ಅದೇ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಅನ್ನುವುದೊಂದೇ ತೊಡಕು. ನಾಲ್ಕೈದು ಗೆಳೆಯರಷ್ಟೇ ಆಡುವುದಾದರೆ, ಪಬ್ಲಿಕ್ ಐಪಿ ಇರುವವರಿಗೂ ನಮ್ಮ ಸಲಹೆ ಇದೇ.

ಮೂರನೆಯದು, ಪ್ಲೇಇಟ್‌ನಂಥ ಟನೆಲ್ ಸೇವೆ. ನಿಮ್ಮ ಕಂಪ್ಯೂಟರಿನಲ್ಲಿ ಅವರ ಪ್ರೋಗ್ರಾಂ ಓಡುತ್ತಿರುತ್ತದೆ, ಗೆಳೆಯರಿಗೆ ಒಂದು ವಿಳಾಸ ಕೊಟ್ಟರೆ ಸಾಕು. ಆದರೆ ಎಲ್ಲ ಡೇಟಾ ಆ ಸೇವೆಯ ಸರ್ವರ್ ಮೂಲಕ ಸುತ್ತಿ ಬರುವುದರಿಂದ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) ಏರುತ್ತದೆ. ಕಟ್ಟುವ ಆಟಕ್ಕೆ ಅದು ಅಡ್ಡಿಯಾಗದು, ಪಿವಿಪಿ (ಆಟಗಾರರು ಪರಸ್ಪರ ಕಾದಾಡುವುದು) ಆಡುವವರಿಗೆ ಖಂಡಿತ ಗೊತ್ತಾಗುತ್ತದೆ.

ಪಿಜಿಯಲ್ಲಿ ಇರುವವರಿಗೆ ಮೊದಲ ದಾರಿ ಇಲ್ಲ. ರೂಟರ್ ಓನರ್ ಹತ್ತಿರ ಇರುತ್ತದೆ, ವೈಫೈ ನೂರು ಕೋಣೆಗೆ ಹಂಚಿಹೋಗಿರುತ್ತದೆ. ನೇರವಾಗಿ ಎರಡನೆಯ ಅಥವಾ ಮೂರನೆಯ ದಾರಿ ಹಿಡಿದು, ರೂಟರ್‌ಗೆ ಲಾಗಿನ್ ಬೇಕಾಗುವ ಹಂತ 3ರ ರಿಸರ್ವೇಶನ್ ಮತ್ತು ಹಂತ 7 ಬಿಟ್ಟು ಉಳಿದದ್ದನ್ನು ಮಾಡಿ.

ಐಪಿವಿ6 (ಹೊಸ ಬಗೆಯ, ಉದ್ದದ ವಿಳಾಸ) ಇದ್ದರೆ ಅದರಲ್ಲಿ ಸಿಜಿನ್ಯಾಟ್ ತೊಂದರೆ ಇರುವುದಿಲ್ಲ, ರೂಟರ್‌ನ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಸಾಕು ಎಂಬುದು ನಿಜ. ಆದರೆ ಆಡಲು ಬರುವ ಪ್ರತಿಯೊಬ್ಬರ ಕನೆಕ್ಷನ್ನಿನಲ್ಲೂ ಐಪಿವಿ6 ಇರಬೇಕು. ಗುಂಪಿನಲ್ಲಿ ಒಬ್ಬರಿಗೆ ಇಲ್ಲದಿದ್ದರೂ ಮತ್ತೆ ಮೇಲಿನ ಮೂರರಲ್ಲಿ ಒಂದಕ್ಕೆ ಬರಬೇಕಾಗುತ್ತದೆ.

ಹಂತ 2: ಯಾವ ಕಂಪ್ಯೂಟರ್?

ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಸಲ ಆಟಗಾರರ ಸುತ್ತಲಿನ ಲೋಕದ ಲೆಕ್ಕ ಮಾಡುತ್ತದೆ. ಅಂದರೆ ಒಂದು ಸುತ್ತಿಗೆ ಸಿಗುವ ಸಮಯ 50 ಮಿಲಿಸೆಕೆಂಡ್. ಈ ಲೆಕ್ಕದ ಮುಖ್ಯ ಭಾಗ ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಬೀಳುತ್ತದೆ. ಹಾಗಾಗಿ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗ ಮುಖ್ಯ. ಗ್ರಾಫಿಕ್ಸ್ ಕಾರ್ಡ್ ಬೇಕೇ ಇಲ್ಲ.

ಐದಾರು ಜನ ಮಾಡ್ (ಆಟವನ್ನೇ ಬದಲಿಸುವ ಸೇರ್ಪಡೆ) ಇಲ್ಲದ ಆಟ ಆಡುವುದಾದರೆ ಒಟ್ಟು 8 ಜಿಬಿ ರ‍್ಯಾಮ್ ಇರುವ, ಎಸ್‌ಎಸ್‌ಡಿ ಹಾಕಿದ ಹಳೆಯ ಲ್ಯಾಪ್‌ಟಾಪ್ ಸಾಕು. ಮಾಡ್‌ಪ್ಯಾಕ್ ಆಡುವುದಿದ್ದರೆ 16 ಜಿಬಿ ಇರಲಿ. ಹಾರ್ಡ್‌ಡಿಸ್ಕ್ ಇರುವ ಯಂತ್ರವನ್ನು ಹಾಗೇ ಬಳಸಬೇಡಿ: ಆಟಗಾರ ಹೊಸ ಜಾಗಕ್ಕೆ ಓಡಿದ ಕೂಡಲೇ ಎಲ್ಲರಿಗೂ ಆಟ ತಡೆತಡೆದು ನಡೆಯುತ್ತದೆ.

ಕೊಳ್ಳುವುದೇ ಆದರೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಕೇಳಿ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ ಅಂಥವು. ಅಂಗಡಿಯಲ್ಲೇ ಆನ್ ಮಾಡಿಸಿ ಮೂರು ವಿಷಯ ನೋಡಿ: ಅಡಾಪ್ಟರ್ ಅದೇ ಕಂಪನಿಯದೇ, ಕರೆಂಟ್ ತೆಗೆದು ಹಾಕಿದ ಮೇಲೆ ತಾರೀಖು ಸರಿ ಉಳಿದಿದೆಯೇ, ಎಸ್‌ಎಸ್‌ಡಿ ಆರೋಗ್ಯ ಎಷ್ಟು ಪರ್ಸೆಂಟ್ ಇದೆ. ತಾರೀಖು ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಅದು ಚಿಲ್ಲರೆ ಖರ್ಚು, ಆದರೆ ಅದನ್ನು ಬದಲಿಸದಿದ್ದರೆ ಹಂತ 9ರ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ಕರೆಂಟ್ ಹೋದಾಗ ಅಳಿಸಿಹೋಗಬಹುದು.

ಕರೆಂಟ್ ಲೆಕ್ಕವನ್ನೂ ಮೊದಲೇ ಹಾಕಿ. 60 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ದಿನವಿಡೀ ಓಡಿದರೆ ದಿನಕ್ಕೆ 1.44 ಯೂನಿಟ್, ತಿಂಗಳಿಗೆ ಸುಮಾರು 43 ಯೂನಿಟ್. 12 ವ್ಯಾಟ್ ಎಳೆಯುವ ಮಿನಿ ಪಿಸಿಗೆ ತಿಂಗಳಿಗೆ 9 ಯೂನಿಟ್ ಕೂಡ ಆಗುವುದಿಲ್ಲ. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಈ ವ್ಯತ್ಯಾಸ ದೊಡ್ಡದು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಈಗಲೇ 165–170 ಯೂನಿಟ್ ಆಸುಪಾಸಿನಲ್ಲಿ ಇರುವವರು ದೊಡ್ಡ ಡೆಸ್ಕ್‌ಟಾಪ್ ಅನ್ನು ಸರ್ವರ್ ಮಾಡಬೇಡಿ, ಅಥವಾ ಆಡುವ ಹೊತ್ತಿಗೆ ಮಾತ್ರ ಆನ್ ಮಾಡಿ.

ಅಪ್‌ಲೋಡ್ ವೇಗ ಒಬ್ಬ ಆಟಗಾರನಿಗೆ 1 ಎಂಬಿಪಿಎಸ್ ಎಂದು ಲೆಕ್ಕ ಹಾಕಿದರೆ ಧಾರಾಳ. ಫೈಬರ್ ಇದ್ದವರಿಗೆ ಇದು ಚಿಂತೆಯ ವಿಷಯವಲ್ಲ.

ಹಂತ 3: ಕಂಪ್ಯೂಟರಿಗೆ ಮನೆಯೊಳಗೆ ಒಂದೇ ವಿಳಾಸ

ಲ್ಯಾನ್ ಕೇಬಲ್ ಹಾಕಿ. ವೈಫೈನಲ್ಲಿ ಸರ್ವರ್ ನಡೆಸಿದರೆ ಮೈಕ್ರೋವೇವ್ ಹಾಕಿದಾಗಲೂ ಅಡುಗೆಮನೆಯ ಬಾಗಿಲು ಮುಚ್ಚಿದಾಗಲೂ ಪಿಂಗ್ ಏರಿಳಿಯುತ್ತದೆ, ಆ ಕಾರಣ ಹುಡುಕುವುದು ಬಹಳ ಕಷ್ಟ.

ಆಮೇಲೆ ರೂಟರ್‌ನಲ್ಲಿ 'ಡಿಎಚ್‌ಸಿಪಿ ರಿಸರ್ವೇಶನ್' ಅಥವಾ 'ಅಡ್ರೆಸ್ ರಿಸರ್ವೇಶನ್' ಎಂಬ ಕಡೆ ಹೋಗಿ, ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆಗೆ) 192.168.1.50 ರೀತಿಯ ಒಂದು ಐಪಿಯನ್ನು ಕಾಯಂ ಮಾಡಿ. ಹೀಗೆ ಮಾಡದಿದ್ದರೆ ಒಂದು ದಿನ ರೂಟರ್ ರೀಸ್ಟಾರ್ಟ್ ಆದಾಗ ಕಂಪ್ಯೂಟರಿಗೆ ಬೇರೆ ಸಂಖ್ಯೆ ಸಿಗುತ್ತದೆ, ಪೋರ್ಟ್ ಫಾರ್ವರ್ಡ್ ಮಾಡಿದ್ದು ಯಾರದೋ ಫೋನಿಗೆ ಹೋಗಿ ಬೀಳುತ್ತದೆ. "ನಿನ್ನೆವರೆಗೂ ಬರ್ತಿತ್ತು, ಇವತ್ತು ಬರ್ತಿಲ್ಲ" ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನೇ.

ಒಂದು ಎಚ್ಚರಿಕೆ: ವೈಫೈ ಕಾರ್ಡಿಗೆ ಒಂದು ಮ್ಯಾಕ್, ಲ್ಯಾನ್ ಪೋರ್ಟಿಗೆ ಇನ್ನೊಂದು ಮ್ಯಾಕ್ ಇರುತ್ತದೆ. ವೈಫೈನಲ್ಲಿದ್ದಾಗ ರಿಸರ್ವ್ ಮಾಡಿ ಆಮೇಲೆ ಕೇಬಲ್ ಚುಚ್ಚಿದರೆ ಆ ರಿಸರ್ವೇಶನ್ ಕೆಲಸಕ್ಕೆ ಬರುವುದಿಲ್ಲ. ಕೇಬಲ್ ಚುಚ್ಚಿ, ವೈಫೈ ಆಫ್ ಮಾಡಿ, ಆಮೇಲೆ ರಿಸರ್ವ್ ಮಾಡಿ.

ಹಂತ 4: ಜಾವಾ ಮತ್ತು ಸರ್ವರ್ ಫೈಲ್

ಮೈನ್‌ಕ್ರಾಫ್ಟ್ 1.18 ರಿಂದ 1.20.4 ರವರೆಗೆ ಜಾವಾ 17 (ಸರ್ವರ್ ಓಡಲು ಬೇಕಾದ ಸಾಫ್ಟ್‌ವೇರ್) ಬೇಕು, 1.20.5 ರಿಂದ ಜಾವಾ 21. ಹೊಸ ಆವೃತ್ತಿಗಳು ಇನ್ನೂ ಮುಂದಿನದನ್ನು ಕೇಳಬಹುದು, ಸರ್ವರ್ ಡೌನ್‌ಲೋಡ್ ಮಾಡುವ ಕಡೆಯೇ ನೋಡಿಕೊಳ್ಳಿ. ಅಡಾಪ್ಟಿಯಂನ ಟೆಮುರಿನ್ ಜಾವಾದ 64 ಬಿಟ್ ಆವೃತ್ತಿ ಉಚಿತ, ಅದನ್ನೇ ಹಾಕಿ. ಸರ್ವರ್ ಶುರುವಾದ ತಕ್ಷಣ ನಿಂತು, ತಪ್ಪಿನ ಸಾಲಿನಲ್ಲಿ 'ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್' ಎಂದು 65.0 ಕಂಡರೆ ಜಾವಾ 21 ಬೇಕಾಗಿತ್ತು, ನಿಮ್ಮಲ್ಲಿ ಹಳೆಯದಿದೆ ಎಂದರ್ಥ. 61.0 ಕಂಡರೆ ಬೇಕಾದದ್ದು 17.

ಸಿ ಅಥವಾ ಡಿ ಡ್ರೈವಿನಲ್ಲಿ ನೇರವಾಗಿ ಒಂದು ಹೊಸ ಫೋಲ್ಡರ್ ಮಾಡಿ. ಡೆಸ್ಕ್‌ಟಾಪ್ ಮೇಲೆ ಬೇಡ. ಬಹಳ ವಿಂಡೋಸ್ ಕಂಪ್ಯೂಟರುಗಳಲ್ಲಿ ಡೆಸ್ಕ್‌ಟಾಪ್ ಒನ್‌ಡ್ರೈವ್ ಜೊತೆ ಸಿಂಕ್ ಆಗುತ್ತಿರುತ್ತದೆ. ಸರ್ವರ್ ಬರೆಯುತ್ತಿರುವ ಫೈಲನ್ನೇ ಒನ್‌ಡ್ರೈವ್ ಹಿಡಿದುಕೊಂಡರೆ ಲೋಕದ ಫೈಲುಗಳು ಹಾಳಾಗುತ್ತವೆ.

ಮೈನ್‌ಕ್ರಾಫ್ಟ್ ತಯಾರಿಸಿದ ಮೊಜಾಂಗ್ ಕೊಡುವ ಮೂಲ ಸರ್ವರ್ ಬದಲು ಪೇಪರ್ ಎಂಬ ಬೇರೆ ಸರ್ವರ್ ಪ್ರೋಗ್ರಾಂ ಹಾಕಿ. ಅದೇ ಯಂತ್ರದಲ್ಲಿ ಹಗುರಾಗಿ ಓಡುತ್ತದೆ, ಪ್ಲಗಿನ್ (ಸರ್ವರ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಹಾಕಬಹುದು. ಮಾಡ್‌ಪ್ಯಾಕ್ ಆಡುವವರಿಗೆ ಮಾತ್ರ ಫೋರ್ಜ್, ನಿಯೋಫೋರ್ಜ್ ಅಥವಾ ಫ್ಯಾಬ್ರಿಕ್ ಬೇಕು. ಪೇಪರ್‌ನ ದಾಖಲೆ ಪುಟಗಳಲ್ಲಿ 'ಸ್ಟಾರ್ಟ್ ಸ್ಕ್ರಿಪ್ಟ್ ಜನರೇಟರ್' ಇದೆ. ಎಷ್ಟು ರ‍್ಯಾಮ್ ಎಂದು ಆರಿಸಿದರೆ ಪೂರ್ತಿ ಆಜ್ಞೆಯನ್ನು ಅದೇ ಬರೆದುಕೊಡುತ್ತದೆ. ಅದನ್ನು ಅದೇ ಫೋಲ್ಡರಿನಲ್ಲಿ ಬ್ಯಾಟ್ ಫೈಲ್ (ಡಬಲ್ ಕ್ಲಿಕ್ ಮಾಡಿದರೆ ಆಜ್ಞೆ ಓಡಿಸುವ ಫೈಲ್) ಆಗಿ ಉಳಿಸಿ. ನೋಟ್‌ಪ್ಯಾಡ್ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂದು ತಾನಾಗಿಯೇ ಅಂಟಿಸಿಬಿಡುತ್ತದೆ, ವಿಂಡೋಸ್ ಅದನ್ನು ಮರೆಮಾಡುತ್ತದೆ. ಡಬಲ್ ಕ್ಲಿಕ್ ಮಾಡಿದಾಗ ಓಡುವ ಬದಲು ನೋಟ್‌ಪ್ಯಾಡ್ ತೆರೆದುಕೊಂಡರೆ ಕಾರಣ ಇದು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಟೆನ್ಷನ್ ತೋರಿಸುವಂತೆ ಮಾಡಿ ಹೆಸರು ತಿದ್ದಿ.

ರ‍್ಯಾಮ್ ಎಷ್ಟು ಕೊಡಬೇಕು? 8 ಜಿಬಿ ಯಂತ್ರದಲ್ಲಿ 4 ಜಿಬಿ, 16 ಜಿಬಿ ಯಂತ್ರದಲ್ಲಿ ಮಾಡ್‌ಪ್ಯಾಕ್‌ಗೆ 8 ಜಿಬಿ. ಇರುವುದನ್ನೆಲ್ಲ ಜಾವಾಕ್ಕೆ ಕೊಟ್ಟರೆ ವಿಂಡೋಸ್‌ಗೆ ಉಸಿರಾಡಲು ಜಾಗವಿಲ್ಲದೆ ಡಿಸ್ಕ್ ಬಳಸತೊಡಗುತ್ತದೆ, ಆಟ ಇನ್ನಷ್ಟು ನಿಧಾನವಾಗುತ್ತದೆ.

ಮೊದಲ ಸಲ ಓಡಿಸಿದಾಗ ಅದು ತಾನೇ ನಿಂತುಹೋಗುತ್ತದೆ, ಗಾಬರಿ ಬೇಡ. ಫೋಲ್ಡರಿನಲ್ಲಿ ಯೂಲಾ ಎಂಬ ಫೈಲ್ ಹುಟ್ಟಿರುತ್ತದೆ. ಷರತ್ತು ಓದಿ, ಒಪ್ಪಿಗೆಯಿದ್ದರೆ ಅದರಲ್ಲಿ ಫಾಲ್ಸ್ ಇದ್ದ ಕಡೆ ಟ್ರೂ ಎಂದು ಬರೆದು ಉಳಿಸಿ ಮತ್ತೆ ಓಡಿಸಿ. ಈ ಸಲ ಲೋಕ ಸೃಷ್ಟಿಯಾಗಿ, ಕೊನೆಗೆ 'ಡನ್' ಎಂಬ ಸಾಲು ಬರಬೇಕು.

ನಿಲ್ಲಿಸುವಾಗ ಕಪ್ಪು ಕಿಟಕಿಯ ಮೂಲೆಯ ಗುಣಾಕಾರ ಗುರುತನ್ನು ಒತ್ತಬೇಡಿ. ಸ್ಟಾಪ್ ಎಂದು ಟೈಪ್ ಮಾಡಿ, ಅದು ಲೋಕವನ್ನು ಉಳಿಸಿ ಮುಗಿಸುವವರೆಗೆ ಕಾಯಿರಿ.

ಹಂತ 5: ಸೆಟ್ಟಿಂಗ್ ಫೈಲ್

ಸರ್ವರ್ ನಿಲ್ಲಿಸಿ 'ಸರ್ವರ್ ಪ್ರಾಪರ್ಟೀಸ್' ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸಾಲುಗಳು ಬಹಳ ಇವೆ, ನೋಡಬೇಕಾದದ್ದು ಕೆಲವೇ.

'ಸರ್ವರ್ ಐಪಿ' ಎಂಬ ಸಾಲನ್ನು ಖಾಲಿಯೇ ಬಿಡಿ. ಹೆಸರು ನೋಡಿ ಅಲ್ಲಿ ಪಬ್ಲಿಕ್ ಐಪಿ ತುಂಬಿಸುವವರು ಬಹಳ. ತುಂಬಿಸಿದರೆ 'ಫೇಲ್ಡ್ ಟು ಬೈಂಡ್ ಟು ಪೋರ್ಟ್' ಎಂದು ಹೇಳಿ ಸರ್ವರ್ ನಿಲ್ಲುತ್ತದೆ, ಏಕೆಂದರೆ ಆ ವಿಳಾಸ ಇರುವುದು ರೂಟರ್‌ಗೆ, ನಿಮ್ಮ ಕಂಪ್ಯೂಟರಿಗಲ್ಲ. ಖಾಲಿ ಇದ್ದೂ ಅದೇ ಸಾಲು ಬಂದರೆ ಹಿಂದೆ ಇನ್ನೊಂದು ಸರ್ವರ್ ಓಡುತ್ತಲೇ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಾವಾ ಹುಡುಕಿ.

'ವೈಟ್ ಲಿಸ್ಟ್' (ಒಳಬರಲು ಅನುಮತಿ ಇರುವವರ ಪಟ್ಟಿ) ಮತ್ತು 'ಎನ್‌ಫೋರ್ಸ್ ವೈಟ್‌ಲಿಸ್ಟ್' ಎರಡಕ್ಕೂ ಟ್ರೂ. ಆಮೇಲೆ ಸರ್ವರ್ ಓಡಿಸಿ, ಕನ್ಸೋಲ್‌ನಲ್ಲಿ (ಸರ್ವರ್‌ನ ಕಪ್ಪು ಕಿಟಕಿಯಲ್ಲಿ) ವೈಟ್‌ಲಿಸ್ಟ್ ಆಡ್ ಎಂದು ಬರೆದು, ಪಕ್ಕದಲ್ಲಿ ಆಟಗಾರನ ಹೆಸರು ಹಾಕಿ ಒಬ್ಬೊಬ್ಬರನ್ನೇ ಸೇರಿಸಿ. 'ಆನ್‌ಲೈನ್ ಮೋಡ್' ಟ್ರೂ ಇರುವುದು ಟ್ರೂ ಆಗಿಯೇ ಇರಲಿ. ಅದನ್ನು ಫಾಲ್ಸ್ ಮಾಡಿದರೆ ಬಂದವರು ನಿಜಕ್ಕೂ ಆ ಹೆಸರಿನವರೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಯಾವನೋ ನಿಮ್ಮ ಹೆಸರು ಹಾಕಿಕೊಂಡು ಬಂದು, ನಿಮ್ಮ ಅಧಿಕಾರವನ್ನೆಲ್ಲ ಬಳಸಿ, ತಿಂಗಳುಗಟ್ಟಲೆ ಕಟ್ಟಿದ್ದನ್ನು ಸುಟ್ಟು ಹೋಗಬಹುದು. ಇಂಟರ್ನೆಟ್ಟಿನಲ್ಲಿ ಮೈನ್‌ಕ್ರಾಫ್ಟ್ ಬಳಸುವ 25565 ಪೋರ್ಟ್ ತೆರೆದಿರುವ ಮನೆಗಳನ್ನು ಹುಡುಕುತ್ತಲೇ ಇರುವ ಪ್ರೋಗ್ರಾಂಗಳಿವೆ, ನಿಮ್ಮ ಸರ್ವರ್ ಅವಕ್ಕೆ ಸಿಕ್ಕೇ ಸಿಗುತ್ತದೆ.

'ವ್ಯೂ ಡಿಸ್ಟೆನ್ಸ್' (ಎಷ್ಟು ದೂರ ಕಾಣಬೇಕು) 10 ಇರುತ್ತದೆ. ಅಂದರೆ ಪ್ರತಿ ಆಟಗಾರನ ಸುತ್ತ 21 ಗುಣಿಸು 21, ಒಟ್ಟು 441 ಚಂಕ್ (ಲೋಕದ ಚೌಕದ ತುಂಡು). 8 ಮಾಡಿದರೆ 289, 6 ಮಾಡಿದರೆ 169. ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು 8ಕ್ಕೂ 'ಸಿಮ್ಯುಲೇಶನ್ ಡಿಸ್ಟೆನ್ಸ್' (ಎಷ್ಟು ದೂರದವರೆಗೆ ಲೆಕ್ಕ ನಡೆಯಬೇಕು) ಅನ್ನು 5 ಅಥವಾ 6ಕ್ಕೂ ಇಳಿಸಿ. ರ‍್ಯಾಮ್ ಹೆಚ್ಚಿಸುವುದಕ್ಕಿಂತ ಇದರಿಂದ ಸಿಗುವ ಲಾಭ ದೊಡ್ಡದು.

ಆಪ್ ಅಧಿಕಾರ (ಆಟದೊಳಗಿನಿಂದ ಸರ್ವರ್ ನಿರ್ವಹಿಸುವ ಹಕ್ಕು) ಒಬ್ಬರಿಗೆ ಸಾಕು.

ಹಂತ 6: ಮನೆಯೊಳಗೆ ಪರೀಕ್ಷೆ

ಮೊದಲು ಸರ್ವರ್ ಇರುವ ಕಂಪ್ಯೂಟರಿನಲ್ಲೇ ಆಟ ತೆರೆದು 127.0.0.1 ಎಂಬ ವಿಳಾಸಕ್ಕೆ ಹೋಗಿ. ಬಂದರೆ ಸರ್ವರ್ ಸರಿ ಇದೆ. ಆಮೇಲೆ ಅದೇ ಮನೆಯ ಇನ್ನೊಂದು ಕಂಪ್ಯೂಟರಿನಿಂದ ಹಂತ 3ರಲ್ಲಿ ಕಾಯಂ ಮಾಡಿದ ಐಪಿಗೆ (192.168.1.50 ರೀತಿಯದು) ಹೋಗಿ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ತಡೆದಿರುವುದು ವಿಂಡೋಸ್ ಫೈರ್‌ವಾಲ್. ಆ ಇನ್ನೊಂದು ಕಂಪ್ಯೂಟರ್ ಗೆಸ್ಟ್ ವೈಫೈನಲ್ಲಿ ಇಲ್ಲ ಎಂಬುದನ್ನೂ ನೋಡಿ, ಗೆಸ್ಟ್ ವೈಫೈ ಬೇರೆ ಯಂತ್ರಗಳನ್ನು ಕಾಣಗೊಡುವುದಿಲ್ಲ.

ಫೈರ್‌ವಾಲ್ ಪೂರ್ತಿ ಆರಿಸುವುದು ಪರಿಹಾರವಲ್ಲ. 'ಇನ್‌ಬೌಂಡ್ ರೂಲ್ಸ್' ಕಡೆ ಹೋಗಿ ಟಿಸಿಪಿ (ಡೇಟಾ ಕಳಿಸುವ ಒಂದು ವಿಧಾನ) 25565 ಪೋರ್ಟಿಗೆ ಅನುಮತಿಯ ಹೊಸ ನಿಯಮ ಹಾಕಿ. ಜಾವಾ ಪ್ರೋಗ್ರಾಂಗೆ ಅನುಮತಿ ಕೊಡುವುದಕ್ಕಿಂತ ಪೋರ್ಟಿಗೆ ಕೊಡುವುದು ಮೇಲು, ಯಾಕೆಂದರೆ ಜಾವಾದ ಹೊಸ ಆವೃತ್ತಿ ಬಂದಾಗ ಅದರ ಫೋಲ್ಡರ್ ಬದಲಾಗಿ ಹಳೆಯ ಅನುಮತಿ ಸದ್ದಿಲ್ಲದೆ ರದ್ದಾಗುತ್ತದೆ.

ಹಂತ 7: ಪೋರ್ಟ್ ಫಾರ್ವರ್ಡಿಂಗ್

ಪಬ್ಲಿಕ್ ಐಪಿ ಇರುವವರಿಗೆ ಮಾತ್ರ. ರೂಟರ್‌ನಲ್ಲಿ ಇದು 'ಪೋರ್ಟ್ ಫಾರ್ವರ್ಡಿಂಗ್', 'ವರ್ಚುವಲ್ ಸರ್ವರ್' ಅಥವಾ 'ನ್ಯಾಟ್' ಎಂಬ ಹೆಸರಿನಲ್ಲಿ ಇರುತ್ತದೆ. ಹೊರಗಿನ ಪೋರ್ಟ್ 25565, ಒಳಗಿನ ಪೋರ್ಟ್ 25565, ಪ್ರೋಟೋಕಾಲ್ ಟಿಸಿಪಿ, ಒಳಗಿನ ಐಪಿ ಹಂತ 3ರಲ್ಲಿ ಕಾಯಂ ಮಾಡಿದ ಸಂಖ್ಯೆ.

ಫೈಬರ್ ಪೆಟ್ಟಿಗೆಗಳಲ್ಲಿ ಇನ್ನೊಂದು ಆಯ್ಕೆ ಇರುತ್ತದೆ, ಬಹಳ ಜನ ತಪ್ಪುವುದು ಅಲ್ಲೇ: 'ವ್ಯಾನ್ ಇಂಟರ್ಫೇಸ್'. ಅದರ ಪಟ್ಟಿಯಲ್ಲಿ ಎರಡು ಮೂರು ಹೆಸರು ಕಾಣುತ್ತವೆ. ಒಂದು ಇಂಟರ್ನೆಟ್ಟಿಗೆ, ಒಂದು ಲ್ಯಾಂಡ್‌ಲೈನ್ ವಾಯ್ಸ್‌ಗೆ, ಒಂದು ಕಂಪನಿ ದೂರದಿಂದ ಪೆಟ್ಟಿಗೆ ನಿರ್ವಹಿಸುವುದಕ್ಕೆ. ಹೆಸರಿನಲ್ಲಿ ಇಂಟರ್ನೆಟ್ ಎಂದಿರುವುದನ್ನೇ ಆರಿಸಿ. ವಾಯ್ಸ್ ಸಾಲಿಗೆ ಹಾಕಿದ ನಿಯಮ ಪಟ್ಟಿಯಲ್ಲಿ ಸರಿಯಾಗಿಯೇ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಕಂಪನಿಯ ಪೆಟ್ಟಿಗೆ ಒಂದು, ನಿಮ್ಮ ಸ್ವಂತ ರೂಟರ್ ಒಂದು ಎಂದಿದ್ದರೆ ಎರಡರಲ್ಲಿ ಒಂದನ್ನು ಸುಮ್ಮನಾಗಿಸಬೇಕು. ಸ್ವಂತ ರೂಟರನ್ನು 'ಆಕ್ಸೆಸ್ ಪಾಯಿಂಟ್' ಮೋಡಿಗೆ ಹಾಕುವುದು ಸುಲಭ. ಕಂಪನಿಯ ಪೆಟ್ಟಿಗೆಯನ್ನು 'ಬ್ರಿಡ್ಜ್' ಮಾಡಿಸುವುದಾದರೆ ಅವರಿಗೆ ಫೋನ್ ಮಾಡಬೇಕಾಗುತ್ತದೆ. ಪೋರ್ಟ್ ಹಾಕಲು ಬೇಜಾರಾಗಿ ಕಂಪ್ಯೂಟರನ್ನು 'ಡಿಎಂಜೆಡ್'ನಲ್ಲಿ ಇಡಬೇಡಿ; ಆಗ ಒಂದು ಪೋರ್ಟ್ ಬದಲು ಎಲ್ಲ ಪೋರ್ಟ್‌ಗಳೂ ಹೊರಗಿನವರಿಗೆ ತೆರೆದುಕೊಳ್ಳುತ್ತವೆ.

ಈಗ ಹೊರಗಿನಿಂದ ಪರೀಕ್ಷೆ. ಮನೆಯ ವೈಫೈನಲ್ಲೇ ಕೂತು ನಿಮ್ಮ ಪಬ್ಲಿಕ್ ಐಪಿಗೆ ಹೋಗಿ ನೋಡಬೇಡಿ. ಒಳಗಿನಿಂದ ಹೊರಟು ತಿರುಗಿ ಒಳಗೇ ಬರುವುದನ್ನು ಬಹಳ ರೂಟರ್‌ಗಳು ಒಪ್ಪುವುದಿಲ್ಲ, ಎಲ್ಲ ಸರಿಯಿದ್ದೂ ಬರುತ್ತಿಲ್ಲ ಅನಿಸುತ್ತದೆ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಮೊಬೈಲ್ ಡೇಟಾದಿಂದ ನೋಡಿ. ಪೋರ್ಟ್ ಪರೀಕ್ಷಿಸುವ ವೆಬ್‌ಸೈಟ್ ಬಳಸುವುದಾದರೆ ಆ ಹೊತ್ತಿಗೆ ಸರ್ವರ್ ಓಡುತ್ತಿರಲೇಬೇಕು, ಇಲ್ಲದಿದ್ದರೆ ತೆರೆದ ಪೋರ್ಟೂ ಮುಚ್ಚಿದೆ ಎಂದೇ ತೋರಿಸುತ್ತದೆ.

ಬರುವ ಸಂದೇಶವನ್ನು ಓದಿ, ಅದರಲ್ಲೇ ಸುಳಿವಿದೆ. 'ಕನೆಕ್ಷನ್ ಟೈಮ್ಡ್ ಔಟ್' ಎಂದರೆ ಡೇಟಾ ಕಂಪ್ಯೂಟರ್ ತಲುಪಲೇ ಇಲ್ಲ: ಸಿಜಿನ್ಯಾಟ್, ತಪ್ಪು ಫಾರ್ವರ್ಡ್ ಅಥವಾ ಫೈರ್‌ವಾಲ್. 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಸಾಮಾನ್ಯವಾಗಿ ಯಂತ್ರದವರೆಗೆ ತಲುಪಿತು, ಆದರೆ ಆ ಪೋರ್ಟಿನಲ್ಲಿ ಸರ್ವರ್ ಇಲ್ಲ: ಸರ್ವರ್ ನಿಂತಿದೆ ಅಥವಾ ಪೋರ್ಟ್ ಸಂಖ್ಯೆ ತಪ್ಪಿದೆ. 'ಅನ್‌ನೋನ್ ಹೋಸ್ಟ್' ಎಂದರೆ ಟೈಪ್ ಮಾಡಿದ ಹೆಸರೇ ತಪ್ಪು. ವೈಟ್‌ಲಿಸ್ಟಿನಲ್ಲಿ ಇಲ್ಲ ಎಂದು ಬಂದರೆ ಸಂತೋಷಪಡಿ, ನೆಟ್‌ವರ್ಕ್ ಪೂರ್ತಿ ಸರಿ ಇದೆ.

ಪಬ್ಲಿಕ್ ಐಪಿ ಇದ್ದರೂ ಸ್ಟ್ಯಾಟಿಕ್ ಅಲ್ಲದಿದ್ದರೆ ಅದು ಆಗಾಗ ಬದಲಾಗುತ್ತದೆ. ಡಕ್‌ಡಿಎನ್‌ಎಸ್ ಅಥವಾ ನೋ-ಐಪಿಯಲ್ಲಿ ಉಚಿತ ಹೆಸರೊಂದನ್ನು ತೆಗೆದುಕೊಂಡು, ಐಪಿ ಬದಲಾದಾಗ ತಿಳಿಸುವ ಅವರ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಹಾಕಿ. ಗೆಳೆಯರಿಗೆ ಆ ಹೆಸರನ್ನೇ ಕೊಡಿ.

ಹಂತ 8: ಮೊಬೈಲಿನಲ್ಲಿ ಆಡುವವರಿಗೆ

ಫೋನಿನ ಮೈನ್‌ಕ್ರಾಫ್ಟ್ ಬೆಡ್‌ರಾಕ್ ಎಡಿಷನ್. ಅದು ಜಾವಾ ಸರ್ವರ್‌ಗೆ ನೇರವಾಗಿ ಬರಲಾರದು. ಪೇಪರ್‌ನ ಪ್ಲಗಿನ್ ಫೋಲ್ಡರಿಗೆ ಗೀಸರ್ ಮತ್ತು ಫ್ಲಡ್‌ಗೇಟ್ ಹಾಕಿದರೆ ಬರಬಹುದು. ಗೀಸರ್ ಭಾಷಾಂತರಿಸುತ್ತದೆ, ಫ್ಲಡ್‌ಗೇಟ್ ಇದ್ದರೆ ಅವರಿಗೆ ಜಾವಾ ಖಾತೆ ಬೇಕಾಗುವುದಿಲ್ಲ. ಇದರ ಪೋರ್ಟ್ 19132, ಪ್ರೋಟೋಕಾಲ್ ಯುಡಿಪಿ. ಹಳೆಯ ನಿಯಮ ನಕಲು ಮಾಡಿ ಟಿಸಿಪಿ ಎಂದೇ ಬಿಟ್ಟರೆ ಕೆಲಸ ಮಾಡುವುದಿಲ್ಲ. ವಿಂಡೋಸ್ ಫೈರ್‌ವಾಲ್‌ನಲ್ಲೂ ರೂಟರ್‌ನಲ್ಲೂ ಯುಡಿಪಿ ನಿಯಮ ಬೇರೆಯಾಗಿಯೇ ಹಾಕಿ.

ಹಂತ 9: ಕರೆಂಟ್ ಹೋದಾಗ

ಬೆಸ್ಕಾಂನ ನಿಗದಿತ ವ್ಯತ್ಯಯವಿರಲಿ, ಮಳೆಗಾಲದಲ್ಲಿ ಕೊಂಬೆ ಬಿದ್ದು ಹೋಗುವ ಕರೆಂಟಿರಲಿ, ಸರ್ವರ್‌ಗೆ ಅಪಾಯ ಒಂದೇ: ಲೋಕ ಬರೆಯುತ್ತಿರುವಾಗಲೇ ಯಂತ್ರ ಆರುವುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಕಾಪಾಡುತ್ತದೆ. ಡೆಸ್ಕ್‌ಟಾಪ್ ಅಥವಾ ಮಿನಿ ಪಿಸಿಗೆ ಯುಪಿಎಸ್ ಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಭಾಗದ ಸ್ವಿಚ್ಚನ್ನು 'ಯುಪಿಎಸ್ ಮೋಡ್'ಗೆ ಹಾಕಿ ನೋಡಿ. ಇನ್ನೊಂದು ಮೋಡಿನಲ್ಲಿ ಬದಲಾವಣೆಗೆ ಹೆಚ್ಚು ಹೊತ್ತು ಹಿಡಿದು, ಫ್ಯಾನ್ ನಿಲ್ಲದಿದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲೂ ಅದು ಹತ್ತಿಕೊಳ್ಳುವ ಮುಂಚಿನ ಕೆಲವು ಸೆಕೆಂಡ್ ಕತ್ತಲೆ ಇದ್ದೇ ಇದೆ.

ರೂಟರ್‌ಗೆ ಮಿನಿ ಯುಪಿಎಸ್ ಕೊಳ್ಳುವ ಮುನ್ನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪ್ ಓದಿ. ಬಹಳಷ್ಟು 12 ವೋಲ್ಟ್. ಆಂಪ್ 1, 1.5, 2 ಹೀಗೆ ಬೇರೆಬೇರೆ. ವೋಲ್ಟ್ ಸರಿಸಮ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಮನೆಗೆ ಫೈಬರ್ ಬದಲು ಲ್ಯಾನ್ ಕೇಬಲ್ ಬಂದಿದ್ದರೆ, ಕಟ್ಟಡದಲ್ಲೋ ಕಂಬದಲ್ಲೋ ಇರುವ ಕೇಬಲಿನವರ ಸ್ವಿಚ್ ಪೆಟ್ಟಿಗೆಗೆ ಬ್ಯಾಕಪ್ ಇದೆಯೇ ಕೇಳಿ. ಅದು ಆರಿದರೆ ನಿಮ್ಮ ಯುಪಿಎಸ್ ಇದ್ದೂ ಇಂಟರ್ನೆಟ್ ಇರುವುದಿಲ್ಲ.

ಕರೆಂಟ್ ಬಂದಾಗ ಯಂತ್ರ ತಾನೇ ಎದ್ದುಕೊಳ್ಳಬೇಕಾದರೆ ಬಯಾಸ್‌ನಲ್ಲಿ 'ಎಸಿ ರಿಕವರಿ' ಅಥವಾ 'ಆಫ್ಟರ್ ಪವರ್ ಲಾಸ್' ಅನ್ನು ಪವರ್ ಆನ್ ಮಾಡಿ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಬ್ಯಾಟ್ ಫೈಲನ್ನು ಸೇರಿಸಿ. 'ಸ್ಟಾರ್ಟ್ ಇನ್' ಎಂಬಲ್ಲಿ ಸರ್ವರ್ ಫೋಲ್ಡರಿನ ಹೆಸರು ತುಂಬಿಸದಿದ್ದರೆ ಅದು ಬೇರೆಲ್ಲೋ ಹುಡುಕಿ, ಪೇಪರ್ ಫೈಲ್ ಸಿಗದೆ ಸರ್ವರ್ ಶುರುವಾಗುವುದೇ ಇಲ್ಲ. ಸ್ಲೀಪ್ ಆಗುವುದನ್ನೂ ಮುಚ್ಚಳ ಮುಚ್ಚಿದಾಗ ಮಲಗುವುದನ್ನೂ ಆಫ್ ಮಾಡಿ.

ಲ್ಯಾಪ್‌ಟಾಪನ್ನು ಸದಾ ಚಾರ್ಜಿಗೆ ಹಾಕಿಡುವವರು ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ ಮಿತಿಯನ್ನು 60 ಅಥವಾ 80 ಪರ್ಸೆಂಟಿಗೆ ನಿಲ್ಲಿಸಿ. ಟಚ್‌ಪ್ಯಾಡ್ ಉಬ್ಬಿದರೆ, ಕ್ಲಿಕ್ ಬಿಗಿಯಾದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿದೆ. ಆ ಕ್ಷಣವೇ ಆಫ್ ಮಾಡಿ ಸರ್ವೀಸಿಗೆ ಕೊಡಿ. ಒತ್ತುವುದು, ಚುಚ್ಚುವುದು ಮಾಡಬೇಡಿ.

ಹಂತ 10: ಬ್ಯಾಕಪ್, ನಿಗಾ, ಅಪ್‌ಡೇಟ್

ಸರ್ವರ್ ನಿಲ್ಲಿಸಿ, 'ವರ್ಲ್ಡ್' ಎಂದು ಶುರುವಾಗುವ ಎಲ್ಲ ಫೋಲ್ಡರುಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡುವುದು ಅತಿ ಸುಲಭದ ಬ್ಯಾಕಪ್. ಓಡುತ್ತಿರುವಾಗಲೇ ಮಾಡಬೇಕಾದರೆ ಮೊದಲು ಸೇವ್-ಆಫ್, ಆಮೇಲೆ ಸೇವ್-ಆಲ್ ಫ್ಲಶ್ ಆಜ್ಞೆ ಕೊಟ್ಟು, ನಕಲು ಮುಗಿದ ಮೇಲೆ ಸೇವ್-ಆನ್ ಕೊಡಿ. ಕೊನೆಯದನ್ನು ಮರೆತರೆ ಆಮೇಲೆ ಆಡಿದ್ದು ಡಿಸ್ಕಿಗೆ ತಾನಾಗಿ ಉಳಿಯುವುದಿಲ್ಲ. ಒಂದೇ ಪ್ರತಿಯ ಮೇಲೆ ಬರೆಯುತ್ತಾ ಹೋಗಬೇಡಿ, ತಾರೀಖು ಹಾಕಿದ ಕೊನೆಯ ಏಳು ಪ್ರತಿ ಇರಲಿ. ಹಾಳಾದದ್ದು ಗೊತ್ತಾಗುವುದು ಎಷ್ಟೋ ಸಲ ಮೂರು ನಾಲ್ಕು ದಿನದ ಮೇಲೆ. ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು, ನಿಜವಾಗಿ ತೆರೆದು ಒಳಗೆ ಓಡಾಡಿ ನೋಡಿ.

ಆಟ ನಿಧಾನ ಅನಿಸಿದರೆ ಟಿಪಿಎಸ್ (ಸೆಕೆಂಡಿಗೆ ಎಷ್ಟು ಸುತ್ತು ಲೆಕ್ಕ) ಆಜ್ಞೆ ಕೊಡಿ. 20 ಇದ್ದರೆ ಸರ್ವರ್ ಸರಿ ಇದೆ, ತೊಂದರೆ ಆಟಗಾರನ ನೆಟ್ಟಿನಲ್ಲೋ ಕಂಪ್ಯೂಟರಿನಲ್ಲೋ ಇದೆ. 20ಕ್ಕಿಂತ ಇಳಿದು, ಕನ್ಸೋಲ್‌ನಲ್ಲಿ 'ಕ್ಯಾಂಟ್ ಕೀಪ್ ಅಪ್' ಮತ್ತೆ ಮತ್ತೆ ಬರುತ್ತಿದ್ದರೆ ಯಂತ್ರ ಏಗುತ್ತಿಲ್ಲ. ಲೋಕ ಶುರುವಾಗುವಾಗ ಒಂದೆರಡು ಸಲ ಬರುವುದು ಸಹಜ. ಆಮೇಲೂ ಬಂದರೆ ಕೂಡಿಹಾಕಿದ ನೂರಾರು ಕೋಳಿ, ಹಸು, ಹಳ್ಳಿಗರನ್ನು ಮೊದಲು ಕಡಿಮೆ ಮಾಡಿ, ನಂತರ ಸಿಮ್ಯುಲೇಶನ್ ಡಿಸ್ಟೆನ್ಸ್ ಇಳಿಸಿ. ಏಪ್ರಿಲ್ ಮಧ್ಯಾಹ್ನ ಮಾತ್ರ ಹೀಗಾದರೆ ಯಂತ್ರ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತಿದೆ. ಧೂಳು ತೆಗೆಸಿ, ಮುಚ್ಚಿದ ಕಪಾಟಿನಿಂದ ಹೊರಗಿಡಿ.

ಹಳೆಯ ಆವೃತ್ತಿಯನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಅಪಾಯ. 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್4ಶೆಲ್ ದೋಷದಿಂದ ಚಾಟ್‌ನಲ್ಲಿ ಒಂದು ಸಾಲು ಬರೆದೇ ಸರ್ವರ್ ಕಂಪ್ಯೂಟರನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಮೈನ್‌ಕ್ರಾಫ್ಟ್ 1.18.1 ರಲ್ಲಿ ಅದನ್ನು ಸರಿಪಡಿಸಿದರು. ಅದಕ್ಕಿಂತ ಹಳೆಯದನ್ನು ಮಾಡ್‌ಪ್ಯಾಕ್‌ಗಾಗಿ ಓಡಿಸಲೇಬೇಕಾದರೆ ಮೊಜಾಂಗ್ ಹೇಳಿದ ತಿದ್ದುಪಡಿ ಹಾಕಿ, ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್ ಒಳಗೆ ಮಾತ್ರ ಇಡಿ.

ಅಪ್‌ಡೇಟ್ ಮಾಡುವ ಕ್ರಮ ಹೀಗೆ: ಸ್ಟಾಪ್, ಬ್ಯಾಕಪ್, ಪ್ಲಗಿನ್‌ಗಳೆಲ್ಲ ಹೊಸ ಆವೃತ್ತಿಗೆ ಬಂದಿವೆಯೇ ಎಂದು ನೋಡುವುದು, ಆಮೇಲೆ ಪೇಪರ್ ಫೈಲ್ ಬದಲಿಸುವುದು. ಒಮ್ಮೆ ಹೊಸ ಆವೃತ್ತಿಯಲ್ಲಿ ತೆರೆದ ಲೋಕವನ್ನು ಹಳೆಯದಕ್ಕೆ ಹಿಂದಿರುಗಿಸಲು ಆಗುವುದಿಲ್ಲ. ಆಗ ಉಳಿಯುವುದು ಬ್ಯಾಕಪ್ ಪ್ರತಿ ಮಾತ್ರ. ಹಾಗಾಗಿ ಆಟಗಾರರೆಲ್ಲ ತಮ್ಮ ಕಡೆಯೂ ಆವೃತ್ತಿ ಬದಲಿಸಿಕೊಳ್ಳಲು ಸಿದ್ಧರಿದ್ದಾರೆಯೇ ಎಂದು ಗುಂಪಿನಲ್ಲಿ ಕೇಳಿ, ಯಾರೂ ಆಡದ ಹೊತ್ತು ನೋಡಿ ಮಾಡಿ.